ಮಳೆಡಬ್ಬಿ ಮಾಸ್ತರರ ಪುಟ

2008ರ ಜುಲೈ ಮೊದಲ ವಾರ ಜಾಲಕೋಶಕ್ಕೆ ಹನ್ನೆರಡು ಹೊಸ ಜೀವನಚರಿತ್ರೆಗಳು ಸೇರಿದವು. ಅವುಗಳಲ್ಲಿ ಒಂಬತ್ತನ್ನು ಬರೆದವರು ಆ ಚರಿತ್ರೆಗಳ ನಾಯಕರೇ.

ಜಾಲಕೋಶವೆಂದರೆ ಕೆಲವು ಉತ್ಸಾಹಿಗಳು ಅಂತರಜಾಲದಲ್ಲಿ ಕಟ್ಟುತ್ತಿದ್ದ ಕನ್ನಡ ವಿಶ್ವಕೋಶ. ಯಾರು ಬೇಕಾದರೂ ಬರೆಯಬಹುದಿತ್ತು, ಯಾರು ಬೇಕಾದರೂ ತಿದ್ದಬಹುದಿತ್ತು. ಪುಟವನ್ನು ಅಳಿಸುವ ಅಧಿಕಾರ ಮಾತ್ರ ಮೂವರು ನಿರ್ವಾಹಕರದು. ಧಾರವಾಡದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ವಿದ್ಯಾ ಅವರಲ್ಲೊಬ್ಬಳು. ಅದೇ ಊರಿನ ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಹೇಳುವ ವಿಶಾಲ ಇನ್ನೊಬ್ಬ. ಮೂರನೆಯವರು ಮೈಸೂರಿನವರು, ಮಗಳ ಮದುವೆಯ ಓಡಾಟವೆಂದು ಹೋದವರು ಬೇಸಿಗೆಯಿಂದ ಇತ್ತ ಇಣುಕಿರಲಿಲ್ಲ.

ಶನಿವಾರ ಮಧ್ಯಾಹ್ನ ತನ್ನ ಕ್ಲಾಸು ಮುಗಿಸಿ ವಿಶಾಲ ವಿದ್ಯಾಳ ಕಾಲೇಜಿಗೆ ಬರುತ್ತಿದ್ದ. ರಸಾಯನಶಾಸ್ತ್ರ ವಿಭಾಗದ ಒಂದೇ ಕಂಪ್ಯೂಟರಿನ ಮುಂದೆ ಇಬ್ಬರೂ ಕುಳಿತು ವಾರದ ಪುಟಗಳನ್ನು ನೋಡುತ್ತಿದ್ದರು.

"ಮೂರು ಮಂದಿ ಕವಿಗಳು, ಒಬ್ಬ ಮಾಜಿ ಕಾರ್ಪೊರೇಟರ್, ಒಬ್ಬ ಯೋಗಾಸನದಾಂವ," ವಿಶಾಲ ಓದಿದ. "ಈ ಕವಿ ನೋಡ್ರಿ ಮೇಡಂ. 'ಇವರ ನಗು ಮಗುವಿನಂತಹದು' ಅಂತ ಬರಕೊಂಡಾನ. ತನ್ನ ನಗು ತಾನ ಯಾವಾಗ ನೋಡಿದನೋ."

"ಮನ್ಯಾಗ ಕನ್ನಡಿ ಇರತೈತಲ್ಲಪಾ."

"ಕನ್ನಡಿ ಸ್ವತಂತ್ರ ಆಧಾರ ಅಲ್ರಿ. ನೀವ ಬರದ ನಿಯಮ."

ನಿಯಮವನ್ನು ಬರೆದವಳು ವಿದ್ಯಾಳೇ. ತನ್ನ ಬಗ್ಗೆ ತಾನೇ ಬರೆದ ಪುಟ ಉಳಿಯಬೇಕಾದರೆ ಅದರ ಮುಖ್ಯ ಸಂಗತಿಗಳನ್ನು ಬೇರೆ ಯಾರಾದರೂ ಬರೆದು, ಅದು ಅಚ್ಚಾಗಿರಬೇಕು. ಇಲ್ಲವಾದರೆ ಒಂದು ವಾರದ ಚರ್ಚೆಯ ನಂತರ ಪುಟ ಹೋಗಬೇಕು. ಅಳಿಸಲು ಸೂಚಿಸಿದವರು ತಾವೇ ತೀರ್ಪು ಕೊಡುವಂತಿಲ್ಲ. ಒಂದು ತಕ್ಕಡಿಯನ್ನು ಅದೇ ತಕ್ಕಡಿಯಿಂದ ಪರೀಕ್ಷಿಸಲಾಗದು ಎಂದು ಪ್ರತಿ ಜೂನ್‌ನಲ್ಲಿ ಹೊಸ ವಿದ್ಯಾರ್ಥಿಗಳಿಗೆ ಹೇಳುವವಳಿಗೆ ಈ ನಿಯಮ ಬರೆಯಲು ಹೆಚ್ಚು ಯೋಚಿಸಬೇಕಾಗಿರಲಿಲ್ಲ.

"ಕಡೀದು ಯಾರೋ ಮಾಸ್ತರಂದು," ವಿಶಾಲ ಹೇಳಿದ. "ನೀಲಕಂಠಪ್ಪ ಹೊಸಕೇರಿ. ಖಾತೆ ಹೆಸರೂ ನೀಲಕಂಠಪ್ಪ. ಮುಚ್ಚಿಡೂದು ಸುದ್ದಾ ಗೊತ್ತಿಲ್ಲ ಪಾಪ. ಇದನ್ನೂ ಅಳಸೂ ಸೂಚನಾದಾಗ ಹಾಕೇನಿ. ತೀರ್ಪು ನಿಮ್ಮದು."

ವಿದ್ಯಾ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು.

ಪುಟದಲ್ಲಿ ಒಂದೂ ಹೊಗಳಿಕೆಯ ಮಾತಿರಲಿಲ್ಲ. ನೀಲಕಂಠಪ್ಪನವರು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸಿದರು. 1979ರಿಂದ 1990ರವರೆಗೆ, ಸುತ್ತಲಿನ ಹಳ್ಳಿಗಳಿಂದ ಶಾಲೆಗೆ ಬರುತ್ತಿದ್ದ ಮಕ್ಕಳಿಂದ ಆಯಾ ಊರಿನ ಮಳೆ ಅಳೆಸಿದರು. ಅಳತೆಗೆ ಹಾಲಿನ ಪುಡಿಯ ಖಾಲಿ ಡಬ್ಬಿ, ಕಂಪಾಸಿನ ಪಟ್ಟಿ. ಬೆಳಿಗ್ಗೆ ಎಂಟೂವರೆ, ಸಂಜೆ ಐದೂವರೆ. ಅಂಕಿಗಳನ್ನು ಶಾಲೆಯ ಗೇಟಿನ ಹೊರಗಿನ ಕರಿಹಲಗೆಯ ಮೇಲೆ ದಿನವೂ ಬರೆಯಲಾಗುತ್ತಿತ್ತು. ಸಂತೆಗೆ ಬಂದ ರೈತರೂ ಹತ್ತಿ ವ್ಯಾಪಾರಿಗಳೂ ನಿಂತು ಓದುತ್ತಿದ್ದರು. ಅಳತೆಯಲ್ಲಿ ಒಂದೆರಡು ಮಿಲಿಮೀಟರ್ ದೋಷವಿರಬಹುದು. ಡಬ್ಬಿಯ ಬಾಯಿ ಸೊಟ್ಟಗಾದ ಊರುಗಳಲ್ಲಿ ಇನ್ನೂ ಹೆಚ್ಚು.

ಎಲ್ಲ ವಾಕ್ಯಗಳಿಗೂ ಹೀಗೆ 'ಸುಮಾರು', 'ಇರಬಹುದು' ಇದ್ದವು. ಒಂದಕ್ಕೆ ಮಾತ್ರ ಇರಲಿಲ್ಲ: 'ಈ ಕೆಲಸದಲ್ಲಿ ಯಾವ ವಿದ್ಯಾರ್ಥಿಗೂ ಅಪಾಯವಾಗಲಿಲ್ಲ.'

ಅದರ ಕೆಳಗೆ ಊರುಗಳು, ಮಳೆ ಅಳೆದ ಮಕ್ಕಳ ಹೆಸರುಗಳು. ವಿದ್ಯಾಳ ಕಣ್ಣು ಅಲ್ಲಿಯೇ ನಿಂತಿತು. 'ಗರಗ: ಹನಮೇಶ ದುರಗಪ್ಪ, 1981–83.'

ಹನಮೇಶ ಅವಳ ಅಣ್ಣ. 1983ರ ಮೇ ತಿಂಗಳಲ್ಲಿ ಸಿಡಿಲು ಬಡಿದು ಸತ್ತಾಗ ಒಂಬತ್ತನೆಯ ಇಯತ್ತೆ ಪಾಸಾಗಿದ್ದ. ಅವನ ಫೋಟೊ ಮನೆಯಲ್ಲಿ ಒಂದೂ ಇರಲಿಲ್ಲ. ತೆಗೆಸುವ ಪ್ರಸಂಗ ಬರುವ ಮೊದಲೇ ಹೋಗಿದ್ದ. ಅವನ ಹೆಸರನ್ನು ಅಚ್ಚಕ್ಷರದಲ್ಲಿ ಅವಳು ನೋಡಿದ್ದು ಇದೇ ಮೊದಲು.

"ಏನಾತ್ರಿ ಮೇಡಂ? ಗೊತ್ತಿದ್ದವರೇನು?"

"ನನಗೂ ಕಲಿಸ್ಯಾರ."

"ಹಂಗಾರ ಈ ಡಬ್ಬಿ ಗಿಬ್ಬಿ ಖರೇನ?"

"ಖರೇ."

"ನಿಮ್ಮ ನೆನಪು ಆಧಾರ ಆಗಂಗಿಲ್ರಿ," ವಿಶಾಲ ನಗುತ್ತಲೇ ಹೇಳಿದ. ಅವಳು ನಗದಿರುವುದನ್ನು ಕಂಡು ಚೀಲ ಹೆಗಲಿಗೇರಿಸಿಕೊಂಡ. ಅಣ್ಣನ ವಿಷಯವನ್ನು ಅವಳು ಅವನಿಗೆ ಹೇಳಲಿಲ್ಲ. ಪುಟದ ಚರ್ಚೆಯಲ್ಲಿ ಎಲ್ಲರಿಗೂ ಬರೆಯುವಂತೆಯೇ ಬರೆದಳು: ಬೇರೊಬ್ಬರು ಬರೆದು ಅಚ್ಚಾದ ಆಧಾರ ಬೇಕು, ಒಂದು ವಾರದೊಳಗೆ ಒದಗಿಸಬೇಕು.

ಮಂಗಳವಾರ ಆಧಾರ ಬಂತು. ಅದನ್ನು ಮೊದಲು ನೋಡಿದವನು ವಿಶಾಲ. ಕ್ಲಾಸಿನ ನಡುವೆಯೇ ಫೋನು ಮಾಡಿದ.

"ಮೇಡಂ, ಚೇಷ್ಟೆ ಮಾಡ್ತೀರೇನ್ರಿ? ಆಧಾರ ಬಗಲಾಗ ಇಟಗೊಂಡು ಮಂದಿಗೆ ಹುಡಕ್ರಿ ಅಂತೀರಿ."

"ಯಾವ ಆಧಾರ?"

"'ನೀಲಕಂಠ ನಮನ', ಅಭಿನಂದನ ಗ್ರಂಥ, 1996. 'ನಮ್ಮ ಮಾಳಿಗೆಯ ಮೇಲಿನ ಡಬ್ಬಿ', ಲೇಖಕಿ ವಿದ್ಯಾ ದು. ಕಂಬಳಿ. ಧಾರವಾಡದಾಗ ಎಷ್ಟು ಮಂದಿ ವಿದ್ಯಾ ಕಂಬಳಿ ಅದಾರ್ರಿ?"

ಅಂಥ ಲೇಖನವನ್ನು ವಿದ್ಯಾ ಬರೆದಿರಲಿಲ್ಲ. ಆ ವರ್ಷ ಅವಳು ಪುಣೆಯಲ್ಲಿ ಸಂಶೋಧನೆಗಿದ್ದಳು. ಮಾಸ್ತರರು ನಿವೃತ್ತರಾದದ್ದು, ಸತ್ಕಾರವಾದದ್ದು ಅಪ್ಪನ ಬಾಯಿಂದ ಕೇಳಿ ಗೊತ್ತಿತ್ತು. ಗ್ರಂಥದ ಮಾತನ್ನು ಅಪ್ಪ ಎತ್ತಿರಲಿಲ್ಲ.

"ನೋಡಿ ಹೇಳ್ತೇನಿ," ಎಂದಳು.

ಅಭಿನಂದನ ಗ್ರಂಥಗಳಿಗೆ ಧಾರವಾಡದಲ್ಲಿ ಬರವಿಲ್ಲ. ನಿವೃತ್ತರಾದವರಿಗೆ, ಅರವತ್ತು ತುಂಬಿದವರಿಗೆ ಶಿಷ್ಯರು ಸಮಿತಿ ಮಾಡಿ ಒಂದು ತರುತ್ತಾರೆ. ಸತ್ಕಾರದ ದಿನ ಬಿಡುಗಡೆಯಾಗಿ ಮರುದಿನದಿಂದ ವಾಚನಾಲಯದ ಕೆಳಗಿನ ಕಪಾಟಿನಲ್ಲಿ ಕೂಡುತ್ತದೆ. ಅವಳಿಗೆ ಬೇಕಾದದ್ದು ಅಂಥ ಕಪಾಟಿನಲ್ಲೇ ಸಿಕ್ಕಿತು. ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕಿಟಕಿಯ ಬಳಿ ಒಯ್ದು ಬಿಡಿಸಿದಳು.

ಲೇಖನ ಚೆನ್ನಾಗಿತ್ತು. ಗರಗದ ಮನೆ, ಮಣ್ಣಿನ ಮಾಳಿಗೆ, ಬಾಗಿಲಲ್ಲಿ ಅಪ್ಪ ನೂಲು ಸುತ್ತುವುದು, ಎಲ್ಲವೂ ಅಲ್ಲಿತ್ತು. 'ಅಂದಾಜು ಮಾಡಬೇಡ, ಅಳೆ ಎಂದು ಗುರುಗಳು ಹೇಳಿದರು' ಎಂಬ ವಾಕ್ಯವಿತ್ತು; ಅದು ನಿಜವಾಗಿಯೂ ಅವರು ಅವಳಿಗೆ ಹೇಳಿದ ಮಾತು. ಕೊನೆಯ ಪುಟದಲ್ಲಿ ಹೀಗಿತ್ತು: 'ನನ್ನ ಅಣ್ಣ ಹನಮೇಶ ಹೊಲದಲ್ಲಿ ಕುರಿ ಕಾಯುತ್ತಿದ್ದಾಗ ಸಿಡಿಲಿಗೆ ಬಲಿಯಾದ. ಅದು ವಿಧಿ. ಆದರೆ ಡಬ್ಬಿಯ ಕೆಲಸದಲ್ಲಿ ಯಾವ ಮಗುವಿಗೂ ಕೇಡಾಗಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ.'

ಆ ಸಾಕ್ಷಿ ಅಂದು ನಿಚ್ಚಣಿಕೆಯ ಬುಡದಲ್ಲಿ ನಿಂತಿದ್ದಳು. ಹತ್ತು ವರ್ಷದವಳು. ಮೋಡ ಕಪ್ಪಗೆ ಇಳಿದಿತ್ತು, ಗುಡುಗುತ್ತಿತ್ತು. ಅವ್ವ ಒಳಗಿನಿಂದ, "ಮಳಿ ನಿಂತ ಮ್ಯಾಲೆ ಹತ್ತಲೇ," ಎಂದು ಕೂಗಿದ್ದಳು. "ಐದೂವರೆ ಆತಬೇ," ಎಂದು ಹನಮೇಶ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹತ್ತಿದ. ಮಳೆ ನಿಂತ ಮೇಲೆ ಅಳೆದರೆ ಅದು ಅಳತೆಯಲ್ಲ, ಹೊತ್ತಿಗೆ ಸರಿಯಾಗಿ ಅಳೆಯಬೇಕು ಎಂದು ಮಾಸ್ತರರು ಮಕ್ಕಳಿಗೆ ಹೇಳಿಕೊಟ್ಟಿದ್ದರು. ಬಿದಿರಾದರೆ ಗೆದ್ದಲು ಹಿಡಿಯುತ್ತದೆಂದು ಗರಗದ ಆ ಮಾಳಿಗೆಯ ಮೇಲೆ ಡಬ್ಬಿಗೆ ಕಬ್ಬಿಣದ ಕಂಬ ನಿಲ್ಲಿಸಿದವರೂ ಅವರೇ. ನಿಚ್ಚಣಿಕೆ ಅಲುಗಾಡದಂತೆ ಹಿಡಿದುಕೊಳ್ಳುವುದು ವಿದ್ಯಾಳ ಕೆಲಸ. ಸಿಡಿಲಿನ ಬೆಳಕು ಬಂದಾಗಲೂ ಅವಳು ಅದನ್ನು ಬಿಟ್ಟಿರಲಿಲ್ಲ.

ಸಂಜೆ ಮನೆಗೆ ಬಂದಾಗ ಅವ್ವ ಬೀರವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ವಿದ್ಯಾ ಗೋಡೆಗೆ ಆತುಕೊಂಡು ಕುಳಿತಳು.

"ಅವ್ವಾ, ಮಾಸ್ತರ ಸತ್ಕಾರದಾಗ ಒಂದು ಪುಸ್ತಕ ಬಂದಿತ್ತಂತ. ಅದರಾಗ ನನ್ನ ಹೆಸರ್ಲೆ ಬರದಾರ. ಹನಮೇಶ ಹೊಲದಾಗ ಸತ್ತ ಅಂತ."

ಬೀರವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. ನೀರು ಸವರಿದಳು. "ಅದು ಪುಸ್ತಕದಾಗ ಹುಟ್ಟಿದ ಮಾತಲ್ಲ. ಪೊಲೀಸರು ಬಂದಾಗ ನಿಮ್ಮಪ್ಪನ ಅಂದಿದ್ದ. ಹೊಲದಾಗ ಕುರಿ ಕಾಯಾಕ ಹ್ವಾದಾಗ ಅಂತ."

"ಯಾಕ?"

"ಮಾಳಗಿ ಮ್ಯಾಲೆ ಡಬ್ಬಿ ನೋಡಾಕ ಹೋಗಿದ್ದ ಅಂದಿದ್ರ ಮಾಸ್ತರ ನೌಕರಿ ಉಳೀತಿತ್ತೇನು? ಹ್ವಾದ ಮಗ ತಿರುಗಿ ಬರ್ತಿದ್ದನೇನು?" ರೊಟ್ಟಿ ಮಗುಚಿದಳು. "ಮಾಸ್ತರ ಅವತ್ತ ಬಂದು ನಿಮ್ಮಪ್ಪನ ಕಾಲ ಹಿಡದ. ಆಮ್ಯಾಲೆ ನಿನ್ನ ಸಾಲಿ, ನಿನ್ನ ಕಾಲೇಜು, ಎಲ್ಲಾ ಯಾರು ನೋಡಿದ್ರು?"

"ಪುಸ್ತಕದಾಗ ನನ್ನ ಹೆಸರು ಹಾಕ್ರಿ ಅಂತ ಅಪ್ಪನ ಹೇಳಿದ್ನೇನು?"

"ಹೂಂ. ಆಕಿ ಪುಣಾದಾಗ ಅದಾಳ, ನೀವ ಬರದು ಹಾಕ್ರಿ ಸರ ಅಂದ. ನಿನ್ನ ಮುಂದ ಹೇಳಬ್ಯಾಡ ಅಂದ." ಅಪ್ಪ ತೀರಿ ಏಳು ವರ್ಷವಾಗಿತ್ತು, ಅವನಿಗೆ ಕೊಟ್ಟ ಮಾತನ್ನು ಅವ್ವ ಈಗ ರೊಟ್ಟಿಯ ಜೊತೆಗೇ ಇಳಿಸಿಟ್ಟಳು. ಇನ್ನೊಂದು ಉಂಡೆ ಕೈಗೆತ್ತಿಕೊಂಡು, "ಈಗ್ಯಾಕ ಆ ಮಾತು?" ಎಂದು ಕೇಳಿದಳು.

ವಿದ್ಯಾ ಜಾಲಕೋಶದ ಪುಟದ ವಿಷಯ ಹೇಳಿದಳು. ಬೀರವ್ವನಿಗೆ ತಿಳಿದದ್ದು ಒಂದೇ. "ಅದರಾಗ ಹನಮ್ಯಾನ ಹೆಸರು ಐತೇನು?"

ಮನೆಯ ಕಂಪ್ಯೂಟರಿನಲ್ಲಿ ಪುಟ ತೆಗೆದು ತೋರಿಸಿದಳು. ಓದಲು ಬಾರದ ಬೀರವ್ವ ಮಗಳು ತೋರಿಸಿದ ಜಾಗದಲ್ಲಿ ಹಿಟ್ಟು ಮೆತ್ತಿದ ಬೆರಳಿಟ್ಟಳು. ಮೇಲಿನಿಂದ ಎಷ್ಟನೆಯ ಸಾಲು ಎಂದು ಎರಡು ಸಲ ಎಣಿಸಿ ಗುರುತಿಟ್ಟುಕೊಂಡಳು. ಬೆರಳು ತೆಗೆದ ಮೇಲೂ ಹೆಸರಿನ ಪಕ್ಕ ಜೋಳದ ಹಿಟ್ಟಿನ ಕಲೆ ಉಳಿದಿತ್ತು.

ಗುರುವಾರ ವಿದ್ಯಾ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದಳು. ನಿವೃತ್ತರಾದ ಮೇಲೆ ನೀಲಕಂಠಪ್ಪನವರು ಹಳೇ ಹುಬ್ಬಳ್ಳಿಯ ತಮ್ಮ ಹಿರಿಯರ ಮನೆಗೆ ಬಂದಿದ್ದರು. ತಾಮ್ರದ ಕೊಡ ತಟ್ಟುವವರ ಅಂಗಡಿಗಳ ಹಿಂದೆ, ಎರಡು ಸೈಕಲ್ಲು ಒಟ್ಟಿಗೆ ಹೋಗಲಾರದ ಓಣಿ. ಬಾಗಿಲು ತೆರೆದವರು ಅವರ ಹೆಂಡತಿ ಸಂಗವ್ವ.

"ಬಾರವಾ. ಈಗ ನೆನಪಾದ್ವಿ ನೋಡು. ಕುಂದ್ರು, ಅವಲಕ್ಕಿ ಒಗ್ಗರಣಿ ಹಾಕ್ತೇನಿ."

ಮಾಸ್ತರರು ಕಿಟಕಿಯ ಬಳಿ ಮಂಚದ ಮೇಲಿದ್ದರು. ಮೂಲೆಯಲ್ಲಿ ಮಗ ಬಿಟ್ಟುಹೋದ ಹಳೆಯ ಕಂಪ್ಯೂಟರಿತ್ತು. ಒಂದೊಂದು ಅಕ್ಷರ ಹುಡುಕಿ ಒತ್ತಿ, ಆ ಪುಟಕ್ಕೆ ಒಂದು ತಿಂಗಳು ಹಿಡಿಯಿತೆಂದು ಅವರೇ ಹೇಳಿದರು.

"ಆಧಾರ ಕೇಳಿದಾಕಿ ನೀನ ಅಂತ ಗೊತ್ತಾತು," ಎಂದರು. "ಛಲೋ ನಿಯಮ ಮಾಡೀಯವಾ. ನಾನೂ ಹಂಗ ಮಾಡ್ತಿದ್ದೆ."

"ಗ್ರಂಥದಾಗಿನ ಲೇಖನ ಎಲ್ಲಾ ನೀವ ಬರದಿದ್ದೇನ್ರಿ ಸರ್?"

"ಇಪ್ಪತ್ತೆರಡರಾಗ ಹತ್ತೊಂಬತ್ತು. ಯಾರ್ನ ಕೇಳಿದ್ರೂ, ನಿಮ್ಮ ಹಂಗ ನಮಗ ಬರಿಯಾಕ ಬರಂಗಿಲ್ರಿ ಸರ್, ನೀವ ಬರೀರಿ, ಹೆಸರು ನಮ್ಮದು ಹಾಕ್ರಿ ಅಂದ್ರು. ನಾನೂ ನಮ್ಮ ಹೆಡ್ ಮಾಸ್ತರ ಗ್ರಂಥಕ್ಕ ಹಂಗ ಹೆಸರು ಕೊಟ್ಟಿದ್ದೆ. ಯಾರೂ ಅದನ್ನ ಸುಳ್ಳು ಅಂತ ತಿಳಕೊಂಡಿರಲಿಲ್ಲ."

ಒಳಗೆ ಸಂಗವ್ವ ಒಗ್ಗರಣೆಗೆ ಸಾಸಿವೆ ಹಾಕಿದ ಸದ್ದಾಯಿತು. ವಿದ್ಯಾ ಅದು ನಿಲ್ಲುವವರೆಗೆ ಕಾದಳು.

"ನನ್ನ ಹೆಸರಿಲೆ ಬರದದ್ದು?"

ಮಾಸ್ತರರು ಕಿಟಕಿಯ ಹೊರಗೆ ನೋಡಿದರು. "ಹೊಲದಾಗ ಅಂತ ನಿಮ್ಮಪ್ಪ ಅಂದ. ನಾ ಸುಮ್ಮನಿದ್ದೆ. ಆದರ ನಿಮ್ಮಪ್ಪ ಪೊಲೀಸರ ಮುಂದ ಅಂದದ್ದು, ನನ್ನ ಸಲುವಾಗಿ ಅಂದದ್ದು. ಅದಕ್ಕ ತೂಕಿಲ್ಲ ಅಂತ ನನಗ ಗೊತ್ತಿತ್ತು. ತಂಗಿ ಅಂದ್ರ, ಕಣ್ಣಿಲೆ ನೋಡಿದಾಕಿ ಅಂದ್ರ, ಖರೇ ಆಗತೈತಿ ಅನಿಸ್ತು. ಬರದು ಅಚ್ಚು ಹಾಕಿಸಿ, ಮುಂದ ಅದನ್ನ ನಾನ ಓದಿದೆ. ಹತ್ತಾರು ಸಲ ಓದಿದೆ. ವಿದ್ಯಾ ಹೇಳ್ಯಾಳ ಅಂತ ನಂಬಿದೆ." ಕಿಟಕಿಯಿಂದ ಅವಳತ್ತ ತಿರುಗಿದರು. "ಭೌತಶಾಸ್ತ್ರ ಕಲಸಾಂವ ನಾನು. ಮಾಳಗಿ ಮ್ಯಾಲೆ ಕಬ್ಬಿಣದ ಕಂಬ ನಿಲ್ಲಿಸಿದಾಂವಾನೂ ನಾನ."

ಅವರು ಅಳಲಿಲ್ಲ. ಅತ್ತಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಈ ಪುಟ ಯಾಕ ಬೇಕಾತ್ರಿ ಸರ್?"

"ಹಲಗಿ ಮ್ಯಾಲೆ ಇವತ್ತ ಬರದದ್ದು ನಾಳೆ ಒರಸ್ತಿದ್ದೆ. ಹುಡುಗರು ತಂದ ಚೀಟಿ ಎಲ್ಲಾ ಗೆದ್ದಲು ತಿಂದ್ವು. ಹನ್ನೊಂದು ವರ್ಷ ಆ ಹುಡುಗರು ಮಾಳಗಿ ಹತ್ತಿ ಇಳದದ್ದು ಎಲ್ಲೂ ಇಲ್ಲ. ನನ್ನ ಹೆಸರಿನ ಆಸೆ ಇರಲಿಲ್ಲ ಅಂದ್ರ ಸುಳ್ಳಾಗತೈತಿ. ಆದರ ಅದೊಂದ ಅಲ್ಲ." ಮತ್ತೆ ಅವರೇ ಹೇಳಿದರು: "ಅಪಾಯ ಆಗಲಿಲ್ಲ ಅನ್ನೂ ಸಾಲು ತಗದಹಾಕು. ಗರಗದ ಮುಂದ, ಮಾಳಗಿ ಮ್ಯಾಲೆ ಅಳತಿ ಮಾಡುವಾಗ ಸಿಡಿಲಿಗೆ ಸತ್ತ ಅಂತ ಬರಿ. ನನ್ನ ತಕರಾರಿಲ್ಲ."

"ನಾ ಬರದ್ರ ಅದಕ್ಕೂ ಆಧಾರ ಬೇಕ್ರಿ."

"ನೀ ನೋಡೀಯಲ್ಲ."

"ನೋಡಿದ್ದು ಆಧಾರ ಅಲ್ರಿ ಸರ್. ಬ್ಯಾರೆಯವರು ಬರದು ಅಚ್ಚಾಗಿರಬೇಕು. ಅಚ್ಚಿನ್ಯಾಗ ಹೊಲ ಐತಿ."

ಮಾಸ್ತರರ ಮುಖದಲ್ಲಿ ನಗೆಯಂಥದೊಂದು ಬಂದು ಹೋಯಿತು. "ಹಂಗಾರ ನಾ ಬರದ ಸುಳ್ಳು ಉಳೀತೈತಿ, ನೀ ನೋಡಿದ ಖರೇ ಉಳಿಯಂಗಿಲ್ಲ."

"ಎರಡೂ ಉಳಿಯಂಗಿಲ್ರಿ," ಎಂದಳು ವಿದ್ಯಾ. "ಆ ಲೇಖನ ನಾ ಬರದಿಲ್ಲ ಅನ್ನೂದಷ್ಟ ನಾ ಹೇಳಬಹುದು. ಹೇಳಿದ್ರ ಪುಟಕ್ಕ ಆಧಾರ ಇಲ್ಲ."

ಸಂಗವ್ವ ಅವಲಕ್ಕಿ ತಂದಿಟ್ಟರು. ಇಬ್ಬರ ಮುಖವನ್ನೂ ನೋಡಿ, "ತಿನ್ನು, ಆರತೈತಿ," ಎಂದಷ್ಟೇ ಹೇಳಿ ಒಳಗೆ ಹೋದರು. ವಿದ್ಯಾ ತಿಂದಳು. ಏಳುವಾಗ ಮಾಸ್ತರರು, "ಹುಡುಗರ ಹೆಸರೂ ಹೋಗ್ತಾವೇನು?" ಎಂದು ಕೇಳಿದರು.

"ಪುಟದ ಜೋಡಿ ಹೋಗ್ತಾವ್ರಿ."

ಶನಿವಾರ ಅವಳು ಒಬ್ಬಳೇ ವಿಭಾಗದ ಕೋಣೆಯಲ್ಲಿ ಕುಳಿತಳು. ಸುಮ್ಮನಿದ್ದರೆ ಪುಟ ಉಳಿಯುತ್ತಿತ್ತು. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿತ್ತು: ಬೇರೊಬ್ಬರ ಹೆಸರು, ಅಚ್ಚಾದ ಗ್ರಂಥ, ಪುಟ ಸಂಖ್ಯೆ. ಅಣ್ಣನ ಹೆಸರು ಲೋಕದಲ್ಲಿ ಒಂದು ಕಡೆ ಇರುತ್ತಿತ್ತು. ಅದರ ಎರಡು ಸಾಲು ಮೇಲೆ, ಅವನು ಆ ಕೆಲಸದಲ್ಲಿ ಸಾಯಲಿಲ್ಲ ಎಂದು ಅವನ ತಂಗಿಯ ಸಾಕ್ಷಿಯೂ ಇರುತ್ತಿತ್ತು. ಹೆಸರನ್ನಷ್ಟೇ ಇಟ್ಟುಕೊಂಡು ಆ ಸಾಲನ್ನು ಕಿತ್ತುಹಾಕಲು ದಾರಿಯಿದೆಯೇ ಎಂದು ಅವಳು ಬಹಳ ಹೊತ್ತು ಹುಡುಕಿದಳು. ಲೇಖನ ಸುಳ್ಳಾದರೆ ಹೆಸರಿಗೂ ಆಧಾರವಿಲ್ಲ. ಲೇಖನ ನಿಜವಾದರೆ ಸಾಲೂ ನಿಜ. ನಿಯಮವನ್ನು ಅವಳು ಅಷ್ಟು ಚೊಕ್ಕಟವಾಗಿ ಬರೆದಿದ್ದಳು.

ಚರ್ಚೆಯ ಕೆಳಗೆ ಬರೆದಳು: 'ಆಧಾರವಾಗಿ ಕೊಟ್ಟ ಲೇಖನ ನನ್ನ ಹೆಸರಿನಲ್ಲಿದೆ. ಅದನ್ನು ನಾನು ಬರೆದಿಲ್ಲ. ಬೇರೆ ಸ್ವತಂತ್ರ ಆಧಾರ ದೊರೆತಿಲ್ಲ.' ಅದರ ಮುಂದೆ, 'ಗರಗದ ಹನಮೇಶ ದುರಗಪ್ಪ ಮಳೆ ಅಳೆಯುವಾಗ' ಎಂದು ಆರಂಭಿಸಿ ನಿಲ್ಲಿಸಿದಳು. ಆ ಅರ್ಧ ವಾಕ್ಯವನ್ನು ಒಂದೊಂದೇ ಅಕ್ಷರವಾಗಿ ಹಿಂದಕ್ಕೆ ಅಳಿಸಿದಳು. ನಂತರ ಪುಟವನ್ನು ಅಳಿಸಿದಳು.

ಸಂಜೆ ವಿಶಾಲ ಫೋನು ಮಾಡಿದ. ಈ ಸಲ ಚೇಷ್ಟೆ ಇರಲಿಲ್ಲ.

"ಮೇಡಂ, ಅಳಸಿದ ಪುಟ ಇನ್ನೊಮ್ಮೆ ತಗದು ನೋಡಿದೆ. ಗರಗದ ಹನಮೇಶ ದುರಗಪ್ಪ ಅಂದ್ರ..."

"ನಮ್ಮಣ್ಣ."

ಆಚೆ ಕಡೆ ಸ್ಕೂಟರುಗಳ ಸದ್ದು ಕೇಳಿಸಿತು. "ಹೇಳಿದ್ರ ನಾ ಅಳಸೂ ಸೂಚನಾ ಹಿಂದಕ್ಕ ತಗೋತಿದ್ನಲ್ರಿ."

"ಅದಕ್ಕ ಹೇಳಲಿಲ್ಲಪಾ."

ಮುಂದಿನ ಭಾನುವಾರ ಗರಗದಿಂದ ಯಂಕವ್ವ ಬಂದಳು. ಹಳೆಯ ಮನೆಯ ಮಗ್ಗುಲಿನವಳು, ಹನಮೇಶನನ್ನು ಎತ್ತಿ ಆಡಿಸಿದವಳು. ಚಹಾ ಮುಗಿಯುವ ಮೊದಲೇ ಬೀರವ್ವ ಮಗಳನ್ನು ಕರೆದಳು.

"ವಿದ್ಯಾ, ಯಂಕವ್ವಗ ಹನಮ್ಯಾನ ಹೆಸರು ತೋರಸವಾ."

ವಿದ್ಯಾ ಪಠ್ಯಪುಸ್ತಕದಿಂದ ತಲೆಯೆತ್ತಿದಳು. ಪುಟ ಹೋಗಿದೆ ಎಂದು ಅವ್ವನಿಗೆ ಹೇಳಿರಲಿಲ್ಲ. ನಾಳೆ ಹೇಳೋಣ ಎಂದುಕೊಂಡು ವಾರ ಕಳೆದಿತ್ತು.

ಅಳಿಸಿದ ಪುಟ ಪೂರ್ತಿ ಹೋಗುವುದಿಲ್ಲ. ಲೋಕಕ್ಕೆ 'ಈ ಹೆಸರಿನ ಪುಟವಿಲ್ಲ' ಎಂದು ಕಾಣುತ್ತದೆ. ನಿರ್ವಾಹಕರು ತಮ್ಮ ಗುಪ್ತಪದ ಕೊಟ್ಟು ಒಳಹೊಕ್ಕರೆ ಹಳೆಯ ಪ್ರತಿ ಇರುತ್ತದೆ. ಅವಳು ಕಂಪ್ಯೂಟರ್ ಹಚ್ಚಿ ಒಳಹೊಕ್ಕಳು. ಮೇಲ್ಗಡೆ ಎಚ್ಚರಿಕೆಯ ಕೆಂಪು ಪಟ್ಟಿ, ಅದರ ಕೆಳಗೆ ಪುಟ.

ಬೀರವ್ವ ಮೇಲಿನಿಂದ ಸಾಲು ಎಣಿಸಿಕೊಂಡು ಬಂದು ಸರಿಯಾದ ಜಾಗದಲ್ಲಿ ಬೆರಳಿಟ್ಟಳು. "ಇಲ್ಲಿ ನೋಡು. ಹನಮೇಶ ದುರಗಪ್ಪ."

ಯಂಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು. ಅವಳಿಗೂ ಓದು ಬಾರದು. "ಇದು ನಿಮ್ಮ ಮನ್ಯಾಗಷ್ಟ ಕಾಣತೈತೋ, ಎಲ್ಲಾರಿಗೂ ಕಾಣತೈತೋ?"

"ಎಲ್ಲಾರಿಗೂ," ಎಂದಳು ಬೀರವ್ವ. "ಎಲ್ಲಿ ಕುಂತು ನೋಡಿದ್ರೂ ಕಾಣತೈತಿ. ಹೌದಿಲ್ಲೋ ವಿದ್ಯಾ?"

ಇಬ್ಬರೂ ಅವಳತ್ತ ತಿರುಗಿದರು.

"ಹೌದು," ಎಂದಳು ವಿದ್ಯಾ.